ಜಿ-ಎಚ್ ಜೋಡಿಯನ್ನು ಕಲಿಸುತ್ತ ಕಲಿತದ್ದು

ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವವರನ್ನು ಯಾವ ಅಕ್ಷರ ಹೆಚ್ಚು ಕಾಡುತ್ತದೆ ಎಂದು ಯಾರಾದರೂ ಕೇಳಿದರೆ, ನಾನು ಹೇಳುವುದು ಜೋಡಿ ಅಕ್ಷರವನ್ನೇ: ಜಿ ಮತ್ತು ಎಚ್, ಒಂದರ ಪಕ್ಕ ಒಂದು ಕೂತಾಗ. ನೈಟ್, ಡಾಟರ್, ಲಾಫ್, ಥ್ರೂ, ಪ್ಲೌ, ಇನಫ್, ಗೋಸ್ಟ್, ಇವೆಲ್ಲದರಲ್ಲೂ ಆ ಜೋಡಿ ಇದೆ. ಒಂದು ಕಡೆ ಉಸಿರೇ ಇಲ್ಲ, ಇನ್ನೊಂದು ಕಡೆ ‘ಫ’, ಮತ್ತೊಂದು ಕಡೆ ‘ಗ’. ಉಕ್ತಲೇಖನ ಕೊಟ್ಟ ದಿನ ಅತಿ ಹೆಚ್ಚು ಕೆಂಪು ಗೆರೆ ಬೀಳುವುದು ಈ ಪದಗಳ ಕೆಳಗೆ. ‘ಇಂಗ್ಲಿಷೇ ಹಾಗೆ, ಉರು ಹೊಡೆಯಿರಿ’ ಎನ್ನುವುದು ಸ್ಟಾಫ್ ರೂಮಿನಲ್ಲಿ ಸಿಗುವ ಸಿದ್ಧ ಉತ್ತರ. ನಾನು ಅದನ್ನು ಒಪ್ಪುವುದಿಲ್ಲ. ಈ ಪದಗಳಿಗೆ ಒಂದು ಕ್ರಮ ಇದೆ, ಆ ಕ್ರಮವನ್ನು ಎಂಟನೇ ತರಗತಿಯ ಮಕ್ಕಳಿಗೆ ಬಿಡಿಸಿ ಹೇಳಬಹುದು, ಹೇಳಿದರೆ ಅವರು ಹಿಡಿದುಕೊಳ್ಳುತ್ತಾರೆ. ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ನನಗೆ ಗಟ್ಟಿಯಾದ ಕೆಲವು ಪಾಠಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮಗು ಈಗಾಗಲೇ ಏನು ಬಲ್ಲದು ಎಂದು ಮೊದಲು ನೋಡಿ.

ಎಂಟನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಮಕ್ಕಳಿಗೆ ಜಿ-ಎಚ್ ಹೊಸದೇನಲ್ಲ. ರಾಘವೇಂದ್ರ, ರಘು, ಮೇಘನಾ ಎಂಬ ಹೆಸರುಗಳನ್ನು ಹಾಜರಿ ಪುಸ್ತಕದಲ್ಲಿ, ಆಧಾರ್ ಕಾರ್ಡಿನಲ್ಲಿ ನೋಡಿರುತ್ತಾರೆ. ಬೆಳಗಾವಿ ಕಡೆಯವರು ಘಟಪ್ರಭಾ ಎಂಬ ರೈಲ್ವೆ ನಿಲ್ದಾಣದ ಬೋರ್ಡನ್ನೂ ಓದಿರುತ್ತಾರೆ. ಇವೆಲ್ಲದರಲ್ಲೂ ಜಿ-ಎಚ್ ಎಂದರೆ ನಮ್ಮ ಮಹಾಪ್ರಾಣ ‘ಘ’. ಹಾಗಾಗಿ ಹುಡುಗನೊಬ್ಬ ‘ಲಾಫ್’ ಪದವನ್ನು ‘ಲೌಘ್’ ಎಂದೂ ‘ಥ್ರೂ’ ಪದವನ್ನು ‘ಥ್ರೌಘ್’ ಎಂದೂ ಓದಿದರೆ, ಅವನು ತನಗೆ ಗೊತ್ತಿದ್ದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಇಡೀ ತರಗತಿ ನಕ್ಕರೆ ಆ ಹುಡುಗ ಮತ್ತೆ ಎದ್ದು ನಿಂತು ಓದುವುದಿಲ್ಲ.

ನಾನು ಬೋರ್ಡನ್ನು ಎರಡು ಭಾಗ ಮಾಡುತ್ತೇನೆ. ಎಡಕ್ಕೆ ನಮ್ಮ ಕಡೆಯಿಂದ ಇಂಗ್ಲಿಷಿಗೆ ಹೋದ ಪದಗಳು: ಘೀ ಅಂದರೆ ತುಪ್ಪ, ಘಾಟ್, ಗಜಲ್, ಜೊತೆಗೆ ತರಗತಿಯಲ್ಲೇ ಇರುವ ಹೆಸರುಗಳು. ಪಶ್ಚಿಮ ಘಟ್ಟದ ಇಂಗ್ಲಿಷ್ ಹೆಸರೂ ಅಲ್ಲೇ. ಬಲಕ್ಕೆ ಇಂಗ್ಲಿಷಿನ ಮನೆಯಲ್ಲೇ ಹುಟ್ಟಿದ ಪದಗಳು. ‘ನೀನು ಓದಿದ್ದು ಎಡಗಡೆಗೆ ಸರಿ, ಬಲಗಡೆಗೆ ಬೇರೆ ಲೆಕ್ಕ’ ಎಂದರೆ ಸಾಕು. ಮಗುವಿಗೆ ಅವಮಾನವಿಲ್ಲ, ಪಾಠವೂ ಮುಂದೆ ಸಾಗುತ್ತದೆ.

2. ಪದದ ಮೊದಲಲ್ಲಿ ಬಂದರೆ ಚಿಂತೆ ಬೇಡ.

ಗೋಸ್ಟ್, ಗ್ಯಾಸ್ಟ್ಲಿ, ಗೆಟೊ, ಗರ್ಕಿನ್. ಮೊದಲಲ್ಲಿ ಬಂದ ಜಿ-ಎಚ್ ಇಂಗ್ಲಿಷರ ಬಾಯಲ್ಲಿ ಯಾವಾಗಲೂ ‘ಗ’. ಈ ಗುಂಪು ಚಿಕ್ಕದು, ಅರ್ಧ ಪೀರಿಯಡ್ ಸಾಕು. ಗರ್ಕಿನ್ ಎಂದರೆ ನಮ್ಮ ರೈತರು ಮಿಡಿ ಸೌತೆ ಎಂದು ಬೆಳೆದು ಹೊರದೇಶಕ್ಕೆ ಕಳಿಸುವ ಉಪ್ಪಿನಕಾಯಿ ಸೌತೆ. ತುಮಕೂರು, ಹಾಸನದ ಕಡೆಯ ಮಕ್ಕಳಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ.

ಗೋಸ್ಟ್ ಪದದಲ್ಲಿ ಎಚ್ ಯಾಕೆ ಎಂದು ಕೇಳುವ ಮಕ್ಕಳಿರುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಎಚ್ ಇರಲಿಲ್ಲ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅದಕ್ಕೆ ಮುಂಚೆ ಅವನು ಬಹುಕಾಲ ಇದ್ದದ್ದು ಈಗ ಬೆಲ್ಜಿಯಂಗೆ ಸೇರಿರುವ ಬ್ರೂಜ್ ನಗರದಲ್ಲಿ. ಅಲ್ಲಿನ ಫ್ಲೆಮಿಷ್ ಭಾಷೆಯಲ್ಲಿ ದೆವ್ವಕ್ಕೆ ಜಿ-ಎಚ್ ಹಾಕಿ ಬರೆಯುತ್ತಿದ್ದರು. ಆ ರೂಢಿ ಅಚ್ಚಿನ ಮೊಳೆಗಳ ಜೊತೆ ಸಮುದ್ರ ದಾಟಿ ಬಂದು ಗೋಸ್ಟ್ ಪದಕ್ಕೆ ಅಂಟಿಕೊಂಡಿತು. ಅಚ್ಚು ಜೋಡಿಸುವವರ ಕೈ ಐನೂರು ವರ್ಷಗಳ ಮೇಲೂ ನಮ್ಮ ಮಕ್ಕಳ ನೋಟ್‌ಬುಕ್ಕಿನಲ್ಲಿ ಕಾಣುತ್ತಿದೆ ಎಂದರೆ ತರಗತಿ ಕಿವಿಗೊಟ್ಟು ಕೇಳುತ್ತದೆ.

3. ‘ಐಟ್’ ಗುಂಪಿನಿಂದ ಶುರು ಮಾಡಿ.

ಐ-ಜಿ-ಎಚ್-ಟಿ. ಲೈಟ್, ನೈಟ್, ರೈಟ್, ಮೈಟ್, ಸೈಟ್, ಟೈಟ್, ಫೈಟ್, ಬ್ರೈಟ್, ಫ್ಲೈಟ್, ಫ್ರೈಟ್, ನೈಟ್ ಎಂಬ ಇನ್ನೊಂದು, ಅಂದರೆ ಕೆ ಇಂದ ಆರಂಭವಾಗುವ ಕುದುರೆ ಸವಾರ. ಈ ನಾಲ್ಕು ಅಕ್ಷರ ಒಟ್ಟಿಗೆ ಬಂದು ಅವುಗಳ ಹಿಂದೆ ಬೇರೆ ಸ್ವರ ಇಲ್ಲದಿದ್ದರೆ, ಉಚ್ಚಾರ ‘ಐಟ್’. ಟಿ ಇಲ್ಲದ ಹೈ, ಸೈ, ಥೈ ಕೂಡ ಇದೇ ದಾರಿಯವು. ಇಂಗ್ಲಿಷ್ ಸ್ಪೆಲಿಂಗಿನಲ್ಲಿ ಇಷ್ಟು ನಿಯತ್ತಿನ ಗುಂಪು ಅಪರೂಪ. ಮಕ್ಕಳಿಗೆ ಮೊದಲು ಬೇಕಾದದ್ದು ಧೈರ್ಯ, ಅದು ಇಲ್ಲಿ ಸಿಗುತ್ತದೆ.

ಐ ಅಕ್ಷರದ ಮುಂಚೆ ಇ ಬಂದು ಕೂತರೆ ಉಚ್ಚಾರ ‘ಏ’ ಕಡೆಗೆ ವಾಲುತ್ತದೆ: ಏಟ್ ಎಂಬ ಎಂಟು, ವೇಟ್ ಎಂಬ ತೂಕ, ನೇಬರ್, ಸರಕಿನ ಫ್ರೇಟ್. ಇದರಲ್ಲಿ ಶಾಲೆಯ ಮಟ್ಟಿಗೆ ತಪ್ಪಿಸಿಕೊಂಡು ಹೋಗುವುದು ಒಂದೇ, ಹೈಟ್. ನಾನು ಹೈಟ್ ಮತ್ತು ವೇಟ್ ಎರಡನ್ನೂ ಒಂದೇ ಸಾಲಿನಲ್ಲಿ ಬರೆಸುತ್ತೇನೆ. ಶಾಲೆಯ ಆರೋಗ್ಯ ತಪಾಸಣೆಯ ಕಾರ್ಡಿನಲ್ಲಿ ಎರಡೂ ಜೊತೆಯಾಗಿಯೇ ಅಚ್ಚಾಗಿರುವುದರಿಂದ ಮರೆಯುವುದು ಕಡಿಮೆ.

4. ಅಲ್ಲಿ ಒಂದು ಧ್ವನಿ ಇತ್ತು ಎಂದು ಹೇಳಿ.

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಪಾಠ. ‘ಸೈಲೆಂಟ್ ಅಕ್ಷರ’ ಎಂಬ ಮಾತು ಮಕ್ಕಳಿಗೆ ಏನನ್ನೂ ತಿಳಿಸುವುದಿಲ್ಲ. ಸುಮ್ಮನೆ ಕೂತ ಅಕ್ಷರ ಯಾಕೆ ಬಂತು ಎಂಬ ಪ್ರಶ್ನೆ ಹಾಗೇ ಉಳಿದು, ಕೊನೆಗೆ ಇಂಗ್ಲಿಷ್ ಎಂದರೆ ಅರ್ಥವಿಲ್ಲದ ಹೊರೆ ಎನಿಸಿಬಿಡುತ್ತದೆ.

ಜಿ-ಎಚ್ ಇರುವ ಜಾಗದಲ್ಲಿ ಹಿಂದೆ ನಿಜವಾದ ಧ್ವನಿ ಇತ್ತು. ಗಂಟಲಿನ ಹತ್ತಿರ ಗಾಳಿಯನ್ನು ಉಜ್ಜಿ ಹೊರಡಿಸುವ ಧ್ವನಿ ಅದು. ಉರ್ದು ಮಾತಾಡುವ ಮನೆಯ ಮಕ್ಕಳು ‘ಖಬರ್’ ಎನ್ನುವಾಗ ಬರುವ ಖ ಅದಕ್ಕೆ ತೀರ ಹತ್ತಿರ. ಅಂಥ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಅವನಿಂದಲೋ ಅವಳಿಂದಲೋ ಹೇಳಿಸುತ್ತೇನೆ, ಎಲ್ಲರೂ ಕೇಳಿ ಅನುಕರಿಸುತ್ತಾರೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷರು ನೈಟ್ ಎನ್ನುತ್ತಿರಲಿಲ್ಲ, ಹೆಚ್ಚುಕಡಿಮೆ ‘ನಿಖ್ತ್’ ಎನ್ನುತ್ತಿದ್ದರು. ಆಗ ಅದನ್ನು ಬರೆಯುತ್ತಿದ್ದದ್ದು ಬರೀ ಎಚ್ ಹಾಕಿ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲಿನ ಶತಮಾನಗಳಲ್ಲಿ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಆ ಗಂಟಲ ಧ್ವನಿಗೆ ಜಿ-ಎಚ್ ಬಳಸತೊಡಗಿದರು. ಮುಂದೆ ಜನರ ಬಾಯಿಂದ ಧ್ವನಿ ಜಾರಿಹೋಯಿತು, ಆದರೆ ಅಷ್ಟರಲ್ಲಿ ಪುಸ್ತಕಗಳು ಅಚ್ಚಾಗತೊಡಗಿ ಸ್ಪೆಲಿಂಗ್ ಗಟ್ಟಿಯಾಗಿತ್ತು. ಜರ್ಮನ್ನರು ಇಂದಿಗೂ ರಾತ್ರಿಗೆ ‘ನಾಖ್ಟ್’, ಮಗಳಿಗೆ ‘ತೊಖ್ಟರ್’, ಎಂಟಕ್ಕೆ ‘ಆಖ್ಟ್’ ಎನ್ನುತ್ತಾರೆ. ಸ್ಕಾಟ್ಲೆಂಡಿನ ಹಳ್ಳಿಮಾತಿನಲ್ಲಿ ‘ನಿಖ್ಟ್’ ಈಗಲೂ ಉಳಿದಿದೆ.

ಸಂಸ್ಕೃತ ಪದಗಳ ಪರಿಚಯ ಇರುವ ನಮ್ಮ ಮಕ್ಕಳಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ನೈಟ್ ಪದದ ನೆಂಟ ‘ನಕ್ತ’. ರಾತ್ರಿ ತಿರುಗುವ ರಾಕ್ಷಸನನ್ನು ನಕ್ತಂಚರ ಎನ್ನುತ್ತೇವಲ್ಲ, ಅದೇ. ಏಟ್ ಪದದ ನೆಂಟ ‘ಅಷ್ಟ’. ಡಾಟರ್ ಪದದ ನೆಂಟ ‘ದುಹಿತೃ’. ಮಗಳ ಮಗನಿಗೆ ದೌಹಿತ್ರ ಎನ್ನುವುದು ಅದರಿಂದಲೇ. ಇಂಗ್ಲಿಷಿನಲ್ಲಿ ಸುಮ್ಮನೆ ಕೂತಿರುವ ಜಿ-ಎಚ್ ಇರುವ ಜಾಗದಲ್ಲಿ ಸಂಸ್ಕೃತದಲ್ಲಿ ಒಂದೊಂದು ಗಟ್ಟಿ ವ್ಯಂಜನ ಇದೆ: ಕ್, ಷ್, ಹ್. ಮೂರು ಜೋಡಿಗಳನ್ನು ಎದುರುಬದುರಾಗಿ ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲ ಇದ್ದಿರಬೇಕೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣದ ಮಾತನ್ನು ಇಲ್ಲಿ ಸೇರಿಸಿದರೆ ಪಾಠ ಇತಿಹಾಸಕ್ಕೂ ದಾಟುತ್ತದೆ. ಕನ್ನಡದ ಎಂಟು, ಮಗಳು, ಇರುಳು ದ್ರಾವಿಡ ಮನೆತನದವು, ಈ ಸಾಲಿಗೆ ಸೇರುವುದಿಲ್ಲ ಎಂಬುದನ್ನೂ ಆಗಲೇ ಹೇಳಿಬಿಡಬೇಕು.

5. ಕನ್ನಡ ಏನು ಮಾಡಿತು ಎಂದು ಹೋಲಿಸಿ ತೋರಿಸಿ.

‘ಕನ್ನಡದಲ್ಲಿ ಈ ತೊಂದರೆ ಯಾಕಿಲ್ಲ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ನಮ್ಮಲ್ಲೂ ಧ್ವನಿ ಬದಲಾಗಿದೆ. ಹಳಗನ್ನಡದ ಪಾಲು, ಪೂ, ಪಣ್, ಪಳ್ಳಿ ಬರಬರುತ್ತ ಹಾಲು, ಹೂ, ಹಣ್ಣು, ಹಳ್ಳಿ ಆದವು. ಆದರೆ ಬಾಯಿ ಬದಲಾದಂತೆ ನಮ್ಮ ಬರಹವೂ ಬದಲಾಯಿತು. ಏೞು ಎಂಬುದರಲ್ಲಿದ್ದ ರಳ ಅಕ್ಷರ ಉಚ್ಚಾರದಿಂದ ಹೋದ ಮೇಲೆ ಬರಹದಿಂದಲೂ ಹೋಗಿ ‘ಏಳು’ ಉಳಿಯಿತು. ಇಂಗ್ಲಿಷರಂತೆ ನಾವೂ ಹಳೆಯ ಬರಹವನ್ನೇ ಹಿಡಿದು ಕೂತಿದ್ದರೆ ಇವತ್ತು ‘ಪಾಲು’ ಎಂದು ಬರೆದು ‘ಹಾಲು’ ಎಂದು ಓದಬೇಕಿತ್ತು. ಕನ್ನಡ ಪಠ್ಯದಲ್ಲಿ ಹಳಗನ್ನಡ ಪದ್ಯ ಓದುವ ಮಕ್ಕಳಿಗೆ ಇದು ಥಟ್ಟನೆ ಹೊಳೆಯುತ್ತದೆ. ಇಂಗ್ಲಿಷ್ ಮೇಷ್ಟ್ರಿಗೆ ಕನ್ನಡ ವ್ಯಾಕರಣ ಯಾಕೆ ಬೇಕು ಎನ್ನುವವರಿಗೆ ನನ್ನ ಉತ್ತರ ಈ ಒಂದು ಪೀರಿಯಡ್.

6. ಓ-ಯು-ಜಿ-ಎಚ್ ಕಂಡರೆ ಮುಂದೆ ಟಿ ಇದೆಯೇ ಎಂದು ಹುಡುಕಿಸಿ.

ಓ-ಯು-ಜಿ-ಎಚ್ ಎಂಬ ನಾಲ್ಕಕ್ಷರಕ್ಕೆ ಇಂಗ್ಲಿಷಿನಲ್ಲಿ ಆರೇಳು ಉಚ್ಚಾರ ಇದೆ ಎಂದು ಕೇಳಿಯೇ ಮಕ್ಕಳು ಹೆದರುತ್ತಾರೆ. ಆದರೆ ಕೊನೆಗೆ ಟಿ ಇದ್ದರೆ ಹೆದರಿಕೆಯ ಬಹುಪಾಲು ಅಲ್ಲೇ ಮುಗಿಯಿತು. ಥಾಟ್, ಬಾಟ್, ಬ್ರಾಟ್, ಫಾಟ್, ಸಾಟ್, ಆಟ್, ರಾಟ್: ಎಲ್ಲ ‘ಆಟ್’. ಶಾಲೆಯ ಓದಿನ ಹತ್ತಿರ ಬರುವ ಪದಗಳಲ್ಲಿ ಬೇರೆ ದಾರಿ ಹಿಡಿಯುವುದು ಬರಗಾಲಕ್ಕೆ ಹೇಳುವ ಡ್ರೌಟ್ ಒಂದೇ. ಎ-ಯು ಬಂದರೂ ಇದೇ ಉಚ್ಚಾರ: ಕಾಟ್, ಟಾಟ್, ಡಾಟರ್, ನಾಟಿ. ಅಲ್ಲಿ ಬೇರೆಯಾಗುವುದು ಲಾಫ್ಟರ್ ಮತ್ತು ಡ್ರಾಫ್ಟ್.

ಇವುಗಳಲ್ಲಿ ಮಕ್ಕಳನ್ನು ಬೇರೆಲ್ಲಕ್ಕಿಂತ ಹೆಚ್ಚು ಕಾಡುವ ಜೋಡಿ ಬಾಟ್ ಮತ್ತು ಬ್ರಾಟ್. ಕೊಂಡದ್ದು ಯಾವುದು, ತಂದದ್ದು ಯಾವುದು? ನಾನು ಒಂದೇ ಒಂದು ಗುರುತು ಹೇಳಿಕೊಡುತ್ತೇನೆ: ಬ್ರಿಂಗ್ ಪದದಲ್ಲಿ ಆರ್ ಇದೆ, ಆದ್ದರಿಂದ ಬ್ರಾಟ್ ಪದದಲ್ಲೂ ಆರ್ ಇದೆ. ಬೈ ಪದದಲ್ಲಿ ಆರ್ ಇಲ್ಲ, ಬಾಟ್ ಪದದಲ್ಲೂ ಇಲ್ಲ. ‘ಅಪ್ಪ ಸಂತೆಯಲ್ಲಿ ಈರುಳ್ಳಿ ಕೊಂಡರು, ಮನೆಗೆ ತಂದರು’ ಎಂಬ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಲು ಕೊಟ್ಟರೆ ಎರಡೂ ಒಂದೇ ಏಟಿಗೆ ಪರೀಕ್ಷೆಯಾಗುತ್ತವೆ. ವಾರಕ್ಕೊಮ್ಮೆ ಈರುಳ್ಳಿ ಬದಲು ಟೊಮೆಟೊ, ಅಪ್ಪನ ಬದಲು ಅಜ್ಜಿ. ಗಣಿತದ ಮಗ್ಗಿಗೆ ಕೊಡುವ ಸಮಯವನ್ನು ಇದಕ್ಕೂ ಕೊಡಬೇಕು.

7. ‘ಫ’ ಆಗುವವು ಬೆರಳೆಣಿಕೆಯಷ್ಟು.

ಲಾಫ್, ಕಾಫ್, ರಫ್, ಟಫ್, ಇನಫ್, ಟ್ರಾಫ್, ಡ್ರಾಫ್ಟ್. ದಿನಬಳಕೆಯಲ್ಲಿ ಇಷ್ಟೇ. ಇವನ್ನು ಮಾತ್ರ ಬಾಯಿಪಾಠ ಮಾಡಿಸಿ, ಉಳಿದವಕ್ಕೆ ‘ಫ’ ಬೇಡ ಎಂದು ಬಿಡಿ. ಹಳೆಯ ಗಂಟಲ ಧ್ವನಿ ತುಟಿಗೆ ಯಾಕೆ ಬಂತು ಎಂಬುದಕ್ಕೂ ಕಾರಣವಿದೆ. ಅದರ ಹಿಂದಿನ ಸ್ವರ ಹೇಳುವಾಗ ತುಟಿ ದುಂಡಗಾಗುತ್ತಿತ್ತು, ದುಂಡಗಾದ ತುಟಿಯ ನಡುವೆ ಗಾಳಿ ಉಜ್ಜಿ ‘ಫ’ ಆಯಿತು. ಐ ಸ್ವರಕ್ಕೆ ತುಟಿ ದುಂಡಗಾಗುವುದಿಲ್ಲ. ಅದಕ್ಕೇ ಐ-ಜಿ-ಎಚ್ ಇರುವ ಪದದಲ್ಲಿ ‘ಫ’ ಎಂದೂ ಬರುವುದಿಲ್ಲ. ಮಕ್ಕಳಿಂದ ‘ಊ’ ಮತ್ತು ‘ಈ’ ಎರಡನ್ನೂ ಹೇಳಿಸಿ ಪಕ್ಕದವರ ತುಟಿ ನೋಡಲು ಹೇಳಿ, ಬೇರೆ ವಿವರಣೆ ಬೇಕಾಗುವುದಿಲ್ಲ.

8. ಒಂದೇ ಮುಖದ ಐದು ಪದಗಳನ್ನು ಒಂದೇ ದಿನ ಕಲಿಸಬೇಡಿ.

ದೋ, ಥ್ರೂ, ಥರೊ, ಥಾಟ್, ಟಫ್. ಆದರೂ, ಮೂಲಕ, ಸಂಪೂರ್ಣ, ಯೋಚನೆ, ಕಠಿಣ. ಇವನ್ನು ಬೋರ್ಡಿನ ಮೇಲೆ ಒಂದರ ಕೆಳಗೆ ಒಂದು ಬರೆದು ‘ವ್ಯತ್ಯಾಸ ನೋಡಿ’ ಎನ್ನುವ ಪದ್ಧತಿ ಬಹಳ ಕಡೆ ಇದೆ. ನೋಡಲು ಚೆಂದ, ಫಲ ಮಾತ್ರ ಉಲ್ಟಾ. ಆ ದಿನ ಸರಿಯಾಗಿ ಹೇಳಿದ ಮಕ್ಕಳು ವಾರದ ಮೇಲೆ ಐದನ್ನೂ ಕಲಸುಮೇಲೋಗರ ಮಾಡುತ್ತಾರೆ. ಒಂದೊಂದನ್ನೂ ಬೇರೆ ಬೇರೆ ವಾರ, ಬೇರೆ ಬೇರೆ ವಾಕ್ಯದೊಳಗೆ, ಒಂದು ಕೆಲಸದ ಜೊತೆ ಕಲಿಸಿದಾಗ ಉಳಿಯುತ್ತದೆ. ಥ್ರೂ ಕಲಿಸುವ ದಿನ ಕಿಟಕಿಯ ಮೂಲಕ ಕಾಣುವುದನ್ನೆಲ್ಲ ಹೇಳಿಸಿ. ದೋ ಕಲಿಸುವ ದಿನ ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಎಂಬಂಥ ವಾಕ್ಯಗಳನ್ನು ಕಟ್ಟಿಸಿ. ದೋ ಪದದ ಮೊದಲ ಧ್ವನಿ ‘ದ’, ಥಾಟ್ ಮತ್ತು ಥ್ರೂ ಪದಗಳದು ‘ಥ’. ಇದನ್ನು ಆಯಾ ದಿನವೇ ಬಾಯಲ್ಲಿ ಹೇಳಿಸಬೇಕು. ಐದೂ ಪ್ರತ್ಯೇಕವಾಗಿ ಗಟ್ಟಿಯಾದ ಮೇಲೆ, ವರ್ಷದ ಕೊನೆಗೆ ಒಟ್ಟಿಗೆ ತನ್ನಿ.

9. ಹೊಲದ ಪದಗಳನ್ನು ಹೊಲದ ಮಕ್ಕಳಿಗೆ ಕೊಡಿ.

ಈ ಜೋಡಿಯ ಪದಗಳಲ್ಲಿ ಎಷ್ಟೊಂದು ಬೇಸಾಯಕ್ಕೆ ಸೇರಿದವು ಎಂದು ಯಾರೂ ಗಮನಿಸುವುದಿಲ್ಲ. ಪ್ಲೌ ಎಂದರೆ ನೇಗಿಲು. ಟ್ರಾಫ್ ಎಂದರೆ ದನಕ್ಕೆ ನೀರು, ಮೇವು ಹಾಕುವ ಬಾನಿ. ಬೌ ಎಂದರೆ ಮರದ ದಪ್ಪ ಕೊಂಬೆ. ಡ್ರೌಟ್ ಎಂದರೆ ಬರ. ಡ್ರಾಫ್ಟ್ ಎಂದರೆ ಎಳೆತ. ಹಳ್ಳಿಕಾರ್, ಅಮೃತಮಹಲ್ ತಳಿಗಳನ್ನು ಇಂಗ್ಲಿಷಿನಲ್ಲಿ ಡ್ರಾಫ್ಟ್ ತಳಿ ಎನ್ನುವುದು ಅವು ಗಾಡಿ, ನೇಗಿಲು ಎಳೆಯುವುದರಿಂದ. ಹಾವು ಕಳಚುವ ಪೊರೆಗೂ ಇದೇ ಅಕ್ಷರಗಳ ಪದವಿದೆ, ಸ್ಲಫ್. ಇಂಗ್ಲೆಂಡಿನಲ್ಲಿ ಅದೇ ಅಕ್ಷರಗಳ ಊರೊಂದಿದೆ, ಅದನ್ನು ಮಾತ್ರ ಸ್ಲೌ ಎನ್ನಬೇಕು.

ಈ ಪದಗಳ ವಸ್ತುವನ್ನು ಪಟ್ಟಣದ ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸಬೇಕು. ಪಾವಗಡದ, ಜಗಳೂರಿನ ಮಗುವಿಗೆ ಬರ ಎಂದರೇನು ಎಂದು ಹೇಳಿಕೊಡಬೇಕೇ? ಪದ ಹೊಸದು, ಅನುಭವ ಹಳೆಯದು. ಇಂಗ್ಲಿಷ್ ಪಾಠದಲ್ಲಿ ಹಳ್ಳಿಯ ಮಗು ಪಟ್ಟಣದ ಮಗುವಿಗಿಂತ ಮುಂದಿರುವ ಅಪರೂಪದ ಸಂದರ್ಭ ಇದು. ಪಠ್ಯದಲ್ಲಿ ಇಲ್ಲದಿದ್ದರೂ ಇದನ್ನು ಬಿಡಬಾರದು ಎಂಬುದು ನನ್ನ ಹಟ.

10. ಒಂದು ಪದ ಬಂದರೆ ಅದರ ಮನೆಯವರನ್ನೂ ಕರೆಯಿರಿ.

ಫ್ಲೈ ಇಂದ ಫ್ಲೈಟ್, ಸೀ ಇಂದ ಸೈಟ್, ವೇ ಇಂದ ವೇಟ್, ಹೈ ಇಂದ ಹೈಟ್, ಡ್ರೈ ಇಂದ ಡ್ರೌಟ್, ಡ್ರಾ ಇಂದ ಡ್ರಾಫ್ಟ್, ಥಿಂಕ್ ಇಂದ ಥಾಟ್. ಬೇಕು, ಮಾಡಬೇಕು ಎಂಬರ್ಥದ ಆಟ್ ಕೂಡ ಮೂಲದಲ್ಲಿ ಓ, ಅಂದರೆ ಸಾಲ ಇಟ್ಟುಕೊಂಡಿರು ಎಂಬುದರ ಭೂತಕಾಲ. ಕಮ್ಮಾರನ ಕಬ್ಬಿಣಕ್ಕೆ ಹೇಳುವ ರಾಟ್, ವರ್ಕ್ ಎಂಬುದರ ಹಳೆಯ ಭೂತಕಾಲ. ಹೀಗೆ ಕ್ರಿಯಾಪದದ ಕೈ ಹಿಡಿದು ಬಂದ ನಾಮಪದ ಮರೆಯುವುದಿಲ್ಲ, ಶಬ್ದಸಂಪತ್ತೂ ದುಪ್ಪಟ್ಟಾಗುತ್ತದೆ.

ವೇಷ ಹಾಕಿ ಒಳಗೆ ಬಂದವರೂ ಇದ್ದಾರೆ. ಡಿಲೈಟ್ ಫ್ರೆಂಚಿನಿಂದ ಬಂದ ಪದ, ಅದಕ್ಕೆ ಜಿ-ಎಚ್ ಎಂದೂ ಇರಲಿಲ್ಲ. ಲೈಟ್ ಪದದ ರೂಪ ನೋಡಿ ಹದಿನಾರನೇ ಶತಮಾನದಲ್ಲಿ ಸೇರಿಸಿದ್ದು. ಬಿಕ್ಕಳಿಕೆಯ ಹಿಕಪ್ ಪದವನ್ನು ಕೆಮ್ಮಿನ ಕಾಫ್ ಜೊತೆ ಸೇರಿಸಿ ಓ-ಯು-ಜಿ-ಎಚ್ ಹಾಕಿ ಬರೆಯುವ ರೂಢಿಯೂ ಹುಟ್ಟಿಕೊಂಡಿತು. ಉಚ್ಚಾರ ಮಾತ್ರ ಹಿಕಪ್ ಆಗಿಯೇ ಉಳಿದಿದೆ.

11. ಪುಸ್ತಕದಲ್ಲಿ ಪೆನ್ಸಿಲಿನಿಂದ ಕನ್ನಡ ಬರೆದುಕೊಳ್ಳಲಿ, ಬಿಡಿ.

ಇಂಗ್ಲಿಷ್ ಪದದ ಮೇಲೆ ಸಣ್ಣದಾಗಿ ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವ ಮಕ್ಕಳನ್ನು ಗದರುವವರಿದ್ದಾರೆ. ನಾನು ಗದರುವುದಿಲ್ಲ, ಬರೆದದ್ದನ್ನು ನೋಡುತ್ತೇನೆ. ಮಗುವಿನ ಕಿವಿಗೆ ಏನು ಬಿತ್ತು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಬಾಟ್ ಪದದ ಮೇಲೆ ‘ಬೋಟ್’ ಎಂದು ಬರೆದಿದ್ದರೆ, ಆ ಮಗುವಿಗೆ ‘ಆ’ ಮತ್ತು ‘ಓ’ ನಡುವಿನ ಇಂಗ್ಲಿಷ್ ಸ್ವರ ಇನ್ನೂ ಕೇಳಿಸಿಲ್ಲ. ಆ ಸ್ವರಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವೂ ಇಲ್ಲ, ಹಾಗಾಗಿ ಅದನ್ನು ಕಿವಿಯಿಂದಲೇ ಕಲಿಸಬೇಕು. ತಿಂಗಳೊಪ್ಪತ್ತಿನಲ್ಲಿ ಪದ ಬಾಯಿಗೆ ಬಂದ ಮೇಲೆ ರಬ್ಬರ್ ಕೊಟ್ಟು ಅಳಿಸಲು ಹೇಳಿ.

12. ಮೊಬೈಲಿನ ಸ್ಪೆಲಿಂಗ್ ಬಗ್ಗೆ ಒಂದು ಮಾತು.

ಥ್ರೂ ಪದವನ್ನು ಟಿ-ಎಚ್-ಆರ್-ಯು ಎಂದು ಬರೆಯುವುದು ವಾಟ್ಸಾಪ್ ಕಾಲದ ಸೋಮಾರಿತನ ಅಲ್ಲ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇಂಥ ಮುನ್ನೂರು ಸರಳ ಸ್ಪೆಲಿಂಗ್‌ಗಳನ್ನು ಬಳಸುವಂತೆ ಸರ್ಕಾರಿ ಮುದ್ರಣಾಲಯಕ್ಕೆ ಆದೇಶಿಸಿದ್ದರು. ಸಂಸತ್ತು ಒಪ್ಪಲಿಲ್ಲ, ಆದೇಶ ಅದೇ ವರ್ಷ ಬಿದ್ದುಹೋಯಿತು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಿಂದ ಕೆಲವು ಸರಳ ರೂಪಗಳನ್ನು ಬಳಸಿ 1975ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ ಗಟ್ಟಿಯಾಗಿ ನಿಂತದ್ದು ಡಬ್ಲ್ಯು ಹಾಕಿ ಬರೆಯುವ ಪ್ಲೌ ಮತ್ತು ಎಫ್ ಹಾಕಿ ಬರೆಯುವ ಡ್ರಾಫ್ಟ್‌ನಂಥ ಕೆಲವು. ಬ್ಯಾಂಕಿನ ಡಿಡಿಯಲ್ಲಿ ನಾವು ಕಾಣುವುದೂ ಎಫ್ ಇರುವ ಆ ಡ್ರಾಫ್ಟ್. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯಲ್ಲಿ ಮಾತ್ರ ಪೂರ್ತಿ ಸ್ಪೆಲಿಂಗ್ ಬರೆಯಬೇಕು ಎಂದು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿ.

ಈ ಕೆಲಸಕ್ಕೆ ಪ್ರೊಜೆಕ್ಟರ್ ಬೇಡ, ಬಣ್ಣದ ಕಾರ್ಡು ಬೇಡ. ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಜೂನ್‌ನಲ್ಲಿ ‘ಐಟ್’ ಗುಂಪು ಎತ್ತಿಕೊಳ್ಳಿ, ದಸರಾ ರಜೆಯೊಳಗೆ ‘ಆಟ್’ ಗುಂಪು ಮುಗಿಸಿ, ‘ಫ’ ಆಗುವ ಏಳನ್ನು ಗೋಡೆಗೆ ಅಂಟಿಸಿ, ಉಳಿದ ಬಿಡಿ ಪದಗಳನ್ನು ವಾರಕ್ಕೊಂದರಂತೆ ಹಂಚಿಕೊಳ್ಳಿ. ಒಂದು ಶೈಕ್ಷಣಿಕ ವರ್ಷ ಇದಕ್ಕೆ ಧಾರಾಳವಾಗಿ ಸಾಕು.